ಅತ್ತೆಯ ಅಡ್ವೊಕೇಟ್ ಜನರಲ್

ಕೊಲ್ಹಾಪುರಕ್ಕೆ ಹೈಕೋರ್ಟಿನ ಪೀಠ ಬಂದ ಮೇಲೆ ನನಗೆ ಎರಡು ಹುದ್ದೆಗಳು ಒದಗಿಬಂದವು. ಒಂದು, ಅಲ್ಲಿನ ಹಿರಿಯ ವಕೀಲೆಯೊಬ್ಬರ ಆಫೀಸಿನಲ್ಲಿ ನನಗಾಗಿ ಒಂದು ಕುರ್ಚಿ. ಅದು ನನಗೆ ಬೇಕಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಬೇಕಾಗಿತ್ತು. ಇನ್ನೊಂದು, ನಮ್ಮ ಅತ್ತೆಯ ಅಡ್ವೊಕೇಟ್ ಜನರಲ್ ಪದವಿ. ಅದಕ್ಕೆ ನಾನು ಅರ್ಜಿ ಹಾಕಿರಲಿಲ್ಲ, ಬೇಕು ಅಂತ ಬಾಯಿಬಿಟ್ಟು ಅಂದಿರಲೂ ಇಲ್ಲ. ಅದೇ ಮೊದಲು ಸಿಕ್ಕಿತು. ಸಿಕ್ಕಿದ್ದಷ್ಟೇ ಅಲ್ಲ, ನಾನು ಬಯಸಿದ ಕುರ್ಚಿಯ ಕಾಲು ಮುರಿಯುವುದಕ್ಕೂ ನಿಂತಿತು.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ನನ್ನ ತವರು ಗಡಹಿಂಗ್ಲಜ. ಗಂಡನ ಮನೆ ಹಾತಕಣಂಗಲೆ ಮತ್ತು ಇಚಲಕರಂಜಿಯ ನಡುವಿನ ಒಂದು ಹಳ್ಳಿ. ಜೈನರ ಮನೆ, ಕಬ್ಬಿನ ಹೊಲ, ಹಿತ್ತಲಲ್ಲಿ ಎರಡು ಎಮ್ಮೆ. ನನ್ನ ಗಂಡನಿಗೆ ಇಚಲಕರಂಜಿಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇದೆ. ಹದಿನೈದು ವರ್ಷದಿಂದ ನಾನು ಅಲ್ಲಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಕಾಂಪೌಂಡಿನ ಗೋಡೆ ಒಂದು ಗೇಣು ಆಚೆ ಬಂತು, ಪಕ್ಕದವರ ಮಗ್ಗದ ಸದ್ದಿಗೆ ಗೋಡೆಯ ಗಡಿಯಾರ ಬಿತ್ತು, ಇಂಥ ಘನವಾದ ಪ್ರಕರಣಗಳು. ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ, ಜಗಳ ಬಂದರೆ ಎರಡೂ. ಮಧ್ಯಾಹ್ನ ನಾಲ್ಕಕ್ಕೆಲ್ಲ ಮನೆಗೆ ಬಂದು ಒಲೆ ಹಚ್ಚಬೇಕು, ಯಾಕೆಂದರೆ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸೂರ್ಯ ಇಳಿಯುವುದಕ್ಕೂ ನಾನು ಭಕ್ರಿ, ಅಂದರೆ ಜೋಳದ ರೊಟ್ಟಿ, ತಟ್ಟುವುದಕ್ಕೂ ದಿನಾ ಒಂದು ಪಂದ್ಯ ನಡೆಯುತ್ತಿತ್ತು. ಚಳಿಗಾಲದಲ್ಲಿ ಸೂರ್ಯನೇ ಗೆಲ್ಲುವ ಹಾಗಿರುತ್ತಿದ್ದ.

ಇನ್ನು ನಮ್ಮ ಮನೆಯ ಬೈಠಕ್ಕು. ದೊಡ್ಡ ವಿಷಯ ಏನೇ ಬಂದರೂ ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಐದು ಜನ ಕೂಡುತ್ತಾರೆ. ಮಾವ, ಅತ್ತೆ, ಪಕ್ಕದ ಮನೆಯ ಕಾಕಾ, ಕಾಕು, ಮತ್ತು ನನ್ನ ಗಂಡ. ಕಾಕಾ ಅಂದರೆ ಮಾವನ ತಮ್ಮ, ಕಾಕು ಅವರ ಹೆಂಡತಿ. ಮನೆ ಭಾಗವಾಗಿ ನಡುವೆ ಗೋಡೆ ಬಂದಿದೆ, ಬೈಠಕ್ಕು ಮಾತ್ರ ಭಾಗವಾಗಿಲ್ಲ. ಎಲ್ಲರೂ ಬಶಿಯಲ್ಲಿ, ಅಂದರೆ ಕಪ್ಪಿನ ಕೆಳಗಿನ ಸಾಸರಿನಲ್ಲಿ, ಚಹಾ ಸುರಿದುಕೊಂಡು ಕುಡಿಯುತ್ತಾರೆ. ಮಾತು ಮುಗಿದ ಮೇಲೆ ಒಪ್ಪಿಗೆ ಇದ್ದವರು ಬಶಿಯನ್ನು ಅಂಗಾತ ಇಡಬೇಕು, ಇಲ್ಲದವರು ಬೋರಲು ಹಾಕಬೇಕು. ಒಮ್ಮೆ ಕಾಕಾ ನೊಣ ಕೂಡುತ್ತವೆ ಅಂತ ಬಶಿ ಬೋರಲು ಹಾಕಿ ಎದ್ದು ಹೋಗಿದ್ದಕ್ಕೆ ಅವರ ಮಗಳಿಗೆ ಬಂದ ಚಲೋ ಸಂಬಂಧವೊಂದು ತಪ್ಪಿಹೋಯಿತು. ಮಾರನೆಯ ದಿನ ಕಾಕು ಎಷ್ಟು ಬೈದರೂ ತೀರ್ಪು ಬದಲಾಗಲಿಲ್ಲ.

ಸೊಸೆಯಂದಿರಿಗೆ ಬಶಿ ಇಲ್ಲ. ತನಗೂ ಒಬ್ಬ ಸೊಸೆ ಬಂದ ಮೇಲೆ ಬಶಿ ಸಿಗುತ್ತದೆ. ಅಲ್ಲಿಯವರೆಗೆ ಚಹಾ ಮಾಡಿಕೊಡುವುದು, ಕೇಳಿದರೆ ಮಾತಾಡುವುದು. ನನ್ನ ಗಂಡನಿಗೆ ಮದುವೆಯಾದ ವಾರವೇ ಬಶಿ ಸಿಕ್ಕಿತ್ತು. ಏನು ದೊಡ್ಡ ಸಾಧನೆ ಮಾಡಿದ್ದನಂತೆ? ನನ್ನನ್ನು ಮದುವೆಯಾಗಿದ್ದ. ಈಗಲೂ ಇದನ್ನು ನೆನೆದರೆ ಮೈ ಉರಿಯುತ್ತದೆ.

ನಮ್ಮ ಅತ್ತೆ ಮರಾಠಿ ಪೇಪರನ್ನು ಮೇಲಿನಿಂದ ಕೆಳಗಿನವರೆಗೂ ಓದುವವರು. ಟೆಂಡರು, ಕಳೆದುಹೋದ ದಾಖಲೆ, ಯಾರದೋ ತಿಥಿ, ಒಂದನ್ನೂ ಬಿಡುವವರಲ್ಲ. ಪೀಠ ಬಂದ ಹೊಸದರಲ್ಲಿ ಪೇಪರಿನ ತುಂಬ ಕೋರ್ಟಿನ ಸುದ್ದಿ. ಒಂದು ದಿನ ಮಧ್ಯಾಹ್ನ ನಾವಿಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದೆವು.

"ಏನವಾ ವಕೀಲೀಣಬಾಯಿ, ಮಹಾಧಿವಕ್ತಾ ಅಂತ ಬರದಾರ. ಇದ್ಯಾವ ಪ್ರಾಣಿ?" ಅಂದರು.

"ರಾಜ್ಯ ಸರಕಾರದ ಎಲ್ಲಾರಕಿಂತ ದೊಡ್ಡ ವಕೀಲ್ರಿ ಅತ್ಯಾರ. ಇಂಗ್ಲಿಷಿನ್ಯಾಗ ಅಡ್ವೊಕೇಟ್ ಜನರಲ್ ಅಂತಾರ."

"ಸರಕಾರಕ್ಕ ವಕೀಲ ಯಾಕ? ಪೊಲೀಸರ ಅದಾರಲ್ಲ."

ಹದಿನೈದು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕಾನೂನಿನ ಪ್ರಶ್ನೆ ಕೇಳಿರಲಿಲ್ಲ. ನನಗೆ ಹುರುಪು ಬಂದುಬಿಟ್ಟಿತು. ಕಂಪನಿ ಸರಕಾರದ ಕಾಲದಿಂದ ಶುರು ಮಾಡಿದೆ. ಆಗ ಕಲಕತ್ತೆ, ಮದ್ರಾಸು, ಮುಂಬಯಿಗಳಲ್ಲಿ ಕಂಪನಿಯ ಪರವಾಗಿ ವಾದ ಮಾಡಲು ಒಬ್ಬೊಬ್ಬ ಅಡ್ವೊಕೇಟ್ ಜನರಲ್ ಇರುತ್ತಿದ್ದ ಅಂದೆ. ಕಂಪನಿ ಹೋಗಿ ರಾಣಿಯ ಸರಕಾರ ಬಂತು, ಅದು ಹೋಗಿ ನಮ್ಮದು ಬಂತು, ಆ ಹುದ್ದೆ ಹಾಗೇ ಉಳಿಯಿತು ಅಂದೆ.

"ಮೂರು ಸರಕಾರ ಹೋದ್ರೂ ಇವ ಹೋಗಿಲ್ಲ? ಭಾಳ ಗಟ್ಟಿ ಅದಾನ ಬಿಡು."

"ಮನಷ್ಯಾ ಬದಲಾಗ್ತಾನ್ರಿ, ಕುರ್ಚಿ ಉಳೀತೈತಿ. ಈಗ ರಾಜ್ಯಪಾಲರು ನೇಮಿಸ್ತಾರ. ಹೈಕೋರ್ಟಿನ ಜಜ್ಜ್ ಆಗೂವಷ್ಟ ಯೋಗ್ಯತಾ ಇರಬೇಕ. ಕಾನೂನಿನ ವಿಷಯದಾಗ ಸರಕಾರಕ್ಕ ಸಲಹಾ ಕೊಡೂದು, ಕೋರ್ಟಿನ್ಯಾಗ ಸರಕಾರದ ಪರ ನಿಲ್ಲೂದು, ಅದ ಅವರ ಕೆಲಸ."

"ಸರಕಾರದ್ದ ತಪ್ಪಿತ್ತಂದ್ರ?"

"ಒಳಗ ಕುಂತು, ಸಾಹೇಬ್ರ ನಿಮ್ಮದ ತಪ್ಪೈತಿ ಅಂತ ಹೇಳಬೇಕ್ರಿ. ಕೋರ್ಟಿನ್ಯಾಗ ಸುಳ್ಳ ಹೇಳಂಗಿಲ್ಲ. ಆದ್ರ ಸರಕಾರದ ಕಡೀಂದ ಏನೇನ ಹೇಳಾಕ ಬರ್ತೈತಿ, ಅದನ್ನ ಚೊಲೋತ್ನಂಗ ಹೇಳಬೇಕ."

ಅತ್ತೆ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ವಿಚಾರ ಮಾಡಿದರು. ನಾನು ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನನ್ನ ಬಾಯಿ ನಿಲ್ಲಲಿಲ್ಲ.

"ಮತ್ತ ಇನ್ನೊಂದ ಮಜಾ ಐತ್ರಿ. ಅವರು ವಿಧಾನಸಭಾದಾಗ ಹೋಗಿ ಮಾತಾಡಬಹುದು. ಮಂತ್ರಿಗೋಳ ಜೋಡಿ ಕುಂತು ಎಷ್ಟ ಬೇಕಷ್ಟ ವಾದ ಮಾಡಬಹುದು. ಆದ್ರ ಮತಾ ಹಾಕಾಕ ಬರೂದಿಲ್ಲ."

ಅತ್ತೆಯ ಕೈ ನಿಂತಿತು. "ಅಂದ್ರ ಮಾತಾಡಬಹುದು, ಬಶಿ ಇಲ್ಲ?"

"ಹೌದ್ರಿ."

"ಅಯ್ಯ ನನ್ನ ದೇವರ! ಇದು ಥೇಟ ನೀನ ಆದಿ!" ಶೇಂಗಾದ ಸಿಪ್ಪೆಯನ್ನು ಉಡಿಯಿಂದ ಕೊಡವಿ ಎದ್ದು ನಿಂತರು. "ಇಷ್ಟ ದಿನಾ ಮನ್ಯಾಗ ಇಟ್ಕೊಂಡ ಖಬರ ಇರಲಿಲ್ಲ ನೋಡು. ಇವತ್ತಿಂದ ನೀ ನನ್ನ ಅಡ್ವೊಕೇಟ್ ಜನರಲ್."

ನಾನು ನಕ್ಕೆ. ಅವರು ನಗಲಿಲ್ಲ. ಅವರು ಯಾವುದನ್ನೂ ಚೇಷ್ಟೆಗೆ ಹೇಳುವವರಲ್ಲ ಅನ್ನುವುದನ್ನು ನಾನು ಮರೆತಿದ್ದೆ.

ಮೊದಲನೆಯ ಪ್ರಕರಣ ಬಂದದ್ದು ಮುಂದಿನ ವಾರ. ನಮ್ಮ ಮನೆಗೆ ಖಾರಪುಡಿಯ ಮೆಣಸಿನಕಾಯಿ ಬರುವುದು ಗಡಹಿಂಗ್ಲಜದಿಂದ, ನನ್ನ ತವರಿನ ಓಣಿಯ ಪಕ್ಕದ ಅಂಗಡಿಯಿಂದ. ಈ ಸಲ ತಂದ ಸಂಕೇಶ್ವರಿ ಮೆಣಸಿನಕಾಯಿಯಲ್ಲಿ ಖಾರವೇ ಇಲ್ಲ, ಅಂಗಡಿಯವ ಮೋಸ ಮಾಡಿದ್ದಾನೆ, ಉಳಿದದ್ದನ್ನು ವಾಪಸು ಕೊಟ್ಟು ಬೇರೆ ತರಬೇಕು ಅಂತ ಅತ್ತೆಯ ತಕರಾರು. ಚೀಲ ಹೊತ್ತುಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ನಾನು ನನ್ನ ಹುದ್ದೆಯ ಧರ್ಮದಂತೆ ಸರಕಾರವನ್ನು ಒಂದು ಕಡೆ ಕರೆದು ಕಾನೂನು ಸಲಹೆ ಕೊಟ್ಟೆ.

"ಅತ್ಯಾರ, ಪುಡಿ ಕುಟ್ಟಸೂವಾಗ ಬಣ್ಣಾ ಬರ್ಲಿ ಅಂತ ನೀವ ಅರ್ಧಾ ಬ್ಯಾಡಗಿ ಕೂಡಿಸೀರಿ. ಅದಕ್ಕ ಖಾರ ಕಮ್ಮಿ ಆಗೈತಿ. ನಮ್ಮದ ತಪ್ಪೈತ್ರಿ."

"ಇದನ್ನ ನನಗ ಹೇಳಿದ್ದು ಚೊಲೋ ಆತು," ಅಂದರು ಅತ್ತೆ. "ಅಂಗಡ್ಯಾಗ ಹೇಳಬ್ಯಾಡ."

ಅಂಗಡಿಯವ ನಮ್ಮಪ್ಪನ ಕಾಲದವ. ನನ್ನನ್ನು ಲಂಗ ಹಾಕಿದಾಗಿನಿಂದ ಕಂಡವ. ಅವನ ಎದುರು ನಿಂತು ಸರಕಾರದ ಪರವಾಗಿ ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಗ್ರಾಹಕರಿಗೆ ತೃಪ್ತಿಯಾಗಿಲ್ಲ, ಹಳೇ ಸಂಬಂಧ ಉಳಿಯಬೇಕು, ಮುಂದಿನ ವರ್ಷವೂ ಇಲ್ಲಿಗೇ ಬರುವವರು, ಹೀಗೆ. ಒಂದೂ ಸುಳ್ಳಲ್ಲ, ಒಂದರಲ್ಲೂ ಹುರುಳಿಲ್ಲ. ಅವನು ಎಲ್ಲ ಕೇಳಿ ಚೀಲದೊಳಗೆ ಕೈ ಹಾಕಿ ಒಂದು ಮೆಣಸಿನಕಾಯಿ ತೆಗೆದ.

"ಅಹೋ ಬಾಯಿ, ತಿಖಟ ನಾಹೀ ಮ್ಹಣತಾ ನಾ? ಮಗ ಏಕ ಖಾವೂನ ದಾಖವಾ," ಅಂದ. ಖಾರ ಇಲ್ಲ ಅನ್ನುವುದಾದರೆ ಒಂದು ತಿಂದು ತೋರಿಸಿರಿ ಅಂತ.

ಅತ್ತೆ ಹಿಂದೆ ಸರಿದರು. "ನಾ ಯಾಕ ತಿನ್ನಲಿ? ನಮ್ಮ ವಕೀಲರ ತಿಂತಾರ."

ಯಾವ ಸಂವಿಧಾನದಲ್ಲೂ ಇದು ಬರೆದಿಲ್ಲ. ಆದರೆ ಅಷ್ಟು ಹೊತ್ತಿಗೆ ಅಂಗಡಿಯ ಮುಂದೆ ಎಂಟು ಹತ್ತು ಜನ ನಿಂತಿದ್ದರು, ಅದರಲ್ಲಿ ಮೂವರು ನನ್ನ ತವರಿನ ಓಣಿಯವರು. ತಿಂದೆ. ತೊಟ್ಟಿನವರೆಗೂ ತಿಂದೆ. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಮೂಗು ಸೋರಿತು, ಕಣ್ಣಲ್ಲಿ ನೀರು ಕಟ್ಟೆ ಒಡೆದ ಹಾಗೆ ಬಂತು. ಖಾರ ಇದೆಯೋ ಇಲ್ಲವೋ ಅಂತ ಅಂಗಡಿಯವ ಕೇಳಿದ, ಉತ್ತರ ಕೊಡಬೇಕಲ್ಲ. ಬಾಯಿ ತೆರೆದರೆ ಆಡಿನ ಮರಿಯ ದನಿ.

"ನಮ್ಮ ಕಡೀಂದ... ಇನ್ನ ಹೆಚ್ಚಿಗೇನ... ಹೇಳೂದಿಲ್ರಿ," ಅಂದೆ.

ಅಂಗಡಿಯವ ಓಡಿಹೋಗಿ ಒಂದು ಹಿಡಿ ಬೆಲ್ಲ ತಂದು ನನ್ನ ಬಾಯಿಗೆ ತುರುಕಿದ. ನನ್ನ ಸ್ಥಿತಿ ನೋಡಲಾರದೆ ಚೀಲವನ್ನೂ ಬದಲಿಸಿ ಕೊಟ್ಟ. ವಾಪಸು ಬರುವಾಗ ಅತ್ತೆ ಕಿಟಕಿಯ ಪಕ್ಕ ಕೂತು, "ನೋಡಿದಿ? ಗೆದ್ದವಿ!" ಅಂದರು. ನಾನು ಮೂರನೆಯ ಮಜ್ಜಿಗೆಯ ಪಾಕೀಟು ಹರಿಯುತ್ತಿದ್ದೆ.

ಅದಾದ ಮೇಲೆ ಎಲ್ಲದಕ್ಕೂ ನಾನೇ. ಕಾಕುವಿನ ಮನೆಯ ಬಚ್ಚಲ ನೀರು ನಮ್ಮ ಹಿತ್ತಲಿಗೆ ಬಂದರೆ ನಾನು ಗೋಡೆಯ ಮೇಲೆ ಮುಖ ಇಟ್ಟು ಸರಕಾರದ ನಿಲುವು ತಿಳಿಸಬೇಕು. ನಮ್ಮ ಎಮ್ಮೆ ಅವರ ಮೆಂತ್ಯೆ ತಿಂದರೆ ಎಮ್ಮೆಯ ಪರ ವಾದ ಮಾಡಬೇಕು. ಕಾಕುವಿಗೂ ಅತ್ತೆಗೂ ನಲವತ್ತು ವರ್ಷದ ಪೈಪೋಟಿ. ಯಾರ ಹಪ್ಪಳ ತೆಳ್ಳಗೆ, ಯಾರ ಉಪ್ಪಿನಕಾಯಿ ವರ್ಷ ಬಾಳುತ್ತದೆ, ಬಸದಿಗೆ ಮೊದಲು ಯಾರು ಹೋದರು, ಎಲ್ಲದರಲ್ಲೂ. ಕಾಕು ಹಲ್ಲು ಕಿರಿದು, "ಏನವಾ ಸರಕಾರೀ ವಕೀಲೀಣಬಾಯಿ, ಇವತ್ತೇನ ನೋಟಿಸ ತಂದಿ?" ಅನ್ನುವರು. ನನಗೂ ಮಜ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಆಗ ಬಂತು ಕೊಲ್ಹಾಪುರದ ಫೋನು.

ಆ ಹಿರಿಯ ವಕೀಲೆ ನನ್ನ ಒಂದು ಮೇಲ್ಮನವಿಯ ಕಾಗದ ಓದಿದ್ದರಂತೆ. "ತುಮಚಂ ಡ್ರಾಫ್ಟಿಂಗ ಚಾಂಗಲಂ ಆಹೇ," ಅಂದರು, ನಿಮ್ಮ ಬರವಣಿಗೆ ಚೆನ್ನಾಗಿದೆ ಅಂತ. ತಮ್ಮ ಆಫೀಸಿಗೆ ಬಂದು ಹೈಕೋರ್ಟಿನ ಕೆಲಸ ನೋಡಿಕೊಳ್ಳಿ, ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಿ, ಇನ್ನಿಬ್ಬರು ಕಾಯುತ್ತಿದ್ದಾರೆ ಅಂದರು. ಮೊದಲು ನಮ್ಮ ಭಾಗದ ಕಾಗದಪತ್ರ ಮುಂಬಯಿಗೆ ಹೋದರೆ ಅಲ್ಲಿ ಯಾರೋ ನಿಂತು ಮಾತಾಡುತ್ತಿದ್ದರು. ನಾನು ಬರೆದದ್ದನ್ನು ನಾನೇ ನಿಂತು ಹೇಳುವ ಜಾಗ ಈಗ ಬಸ್ಸಿನ ದಾರಿಯಷ್ಟು ಹತ್ತಿರ ಬಂದಿತ್ತು.

ಶುಕ್ರವಾರ ಯಾರಿಗೂ ಹೇಳದೆ ಕೊಲ್ಹಾಪುರಕ್ಕೆ ಹೋದೆ. ಶಿರೋಳಿಯ ಕಾರ್ಖಾನೆಗಳ ಹತ್ತಿರ ಬಸ್ಸು ಅರ್ಧ ಗಂಟೆ ನಿಂತಿತು, ನನಗೆ ಸಿಟ್ಟೂ ಬರಲಿಲ್ಲ. ಕೋರ್ಟಿನ ಹಾಲಿನ ಹಿಂದಿನ ಸಾಲಿನಲ್ಲಿ ನಿಂತೆ. ಸರಕಾರದ ಪರವಾಗಿ ಒಬ್ಬರು ಎದ್ದು ನಿಂತು ವಾದ ಮಾಡುತ್ತಿದ್ದರು. ಅವರ ಎದುರಿಗೆ ನನ್ನ ವಯಸ್ಸಿನ ಒಬ್ಬಳು, ನನ್ನ ಹಾಗೇ ದಪ್ಪ ಜಡೆ, ಕೈಯಲ್ಲಿ ಕಾಗದ, ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ನಿಂತೇ ಕಣ್ಣೊರೆಸಿಕೊಂಡೆ. ಈ ಸಲ ಮೆಣಸಿನಕಾಯಿ ಕಾರಣವಾಗಿರಲಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಒಂದೇ ಮಾತು ಕೇಳಿದರು. "ವಾಪಸ ಎಷ್ಟಕ್ಕ ಬರ್ತಿ?"

"ಏಳಾಗ್ತೈತ್ರಿ."

"ಆಗೂದಿಲ್ಲ ಬಿಡು. ಹೊತ್ತ ಮುಳಗಿ ಹೋಗಿರ್ತೈತಿ, ಇಲ್ಲಿ ಉಣ್ಣಾಕ ಯಾರ ಬಡಸೂದು? ಭಾನುವಾರ ಬೈಠಕ್ಕ ಕೂಡಸ್ತೇನಿ. ಅಲ್ಲಿ ತೀರ್ಮಾನ ಆಗ್ಲಿ."

ಇಷ್ಟಕ್ಕೆ ನಿಂತಿದ್ದರೆ ಅದು ಬರೀ ಬೇಸರ. ಅವರು ಮುಂದೆ ಹೇಳಿದ್ದು ಕೇಳಿ: "ನನಗ ಹತ್ತ ಮಂದಿ ಮುಂದ ನೆಟ್ಟಗ ಮಾತಾಡಾಕ ಬರೂದಿಲ್ಲ. ನನ್ನ ಕಡೀಂದ ನೀನ ವಾದ ಮಾಡು."

"ಅತ್ಯಾರ, ಇದು ನನ್ನ ವಿಷಯ್ರಿ! ನನ್ನ ಕೊಲ್ಹಾಪುರಕ್ಕ ಕಳಸಬ್ಯಾಡ್ರಿ ಅಂತ ನಾನ ಹೆಂಗ ವಾದ ಮಾಡ್ಲಿ?"

"ನೀನ ಹೇಳಿದ್ದಿಯಲ್ಲ. ಸರಕಾರದ ಕಡೀಂದ ಏನ ಹೇಳಾಕ ಬರ್ತೈತಿ, ಅದನ್ನ ಚೊಲೋತ್ನಂಗ ಹೇಳಬೇಕ ಅಂತ."

ತನಗೆ ಸಂಬಂಧಪಟ್ಟ ಪ್ರಕರಣದಲ್ಲಿ ವಕೀಲ ನಿಲ್ಲಬಾರದು ಅಂತ ನಾನು ಕಾನೂನು ತೋರಿಸಿದೆ. "ಮಿರಚಿ ತಿನ್ನೂವಾಗ ಎಲ್ಲಿ ಹೋಗಿತ್ತ ಆ ಕಾನೂನು?" ಅಂದರು. ಗಂಡನ ಹತ್ತಿರ ಹೋದೆ. ಅವನು ಅಂಗಡಿಯ ಪೆಟ್ಟಿಗೆಯಲ್ಲಿ ಸ್ಪ್ರಿಂಗು ಎಣಿಸುತ್ತ, "ಅವ್ವಗ ಹೆಂಗ ಇಲ್ಲ ಅನ್ನಲಿ? ನೀ ಛಲೋ ಮಾತಾಡ್ತಿ, ಏನರ ಮಾಡು," ಅಂದ. ಏನಾದರೂ ಮಾಡು ಅಂತೆ! ಐದು ಬಶಿಗಳಲ್ಲಿ ಒಂದು ಇವನದು. ಆ ಬಶಿ ಮಾವನ ಬಶಿಯನ್ನು ನೋಡಿ ಬೀಳುತ್ತದೆ, ಮಾವನ ಬಶಿ ಅತ್ತೆಯ ಹುಬ್ಬು ನೋಡಿ ಬೀಳುತ್ತದೆ. ನಾನು ಎರಡು ದಿನ ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಶನಿವಾರ ಬಸ್ಸಿನಲ್ಲಿ ಕೂತು ವಿಚಾರ ಮಾಡಿದೆ. ರಾಜೀನಾಮೆ ಕೊಡಬಹುದಿತ್ತು. ಎಷ್ಟೋ ಮಂದಿ ನಿಜವಾದ ಅಡ್ವೊಕೇಟ್ ಜನರಲ್‌ಗಳೂ ಕೊಟ್ಟಿದ್ದಾರೆ. ಸರಕಾರ ಬಿದ್ದರೆ ಕೊಡುವ ರೂಢಿಯೇ ಇದೆ. ಆದರೆ ನಮ್ಮ ಮನೆಯ ಸರಕಾರ ಬೀಳುವ ಪೈಕಿ ಅಲ್ಲ. ಮತ್ತೆ ನನಗೂ ಒಂದು ಹಟ ಬಂತು. ಆಗಲಿ, ವಾದ ಮಾಡುತ್ತೇನೆ. ನನ್ನ ವಿರುದ್ಧ ನನಗಿಂತ ಚೆನ್ನಾಗಿ ಯಾರು ಮಾತಾಡುತ್ತಾರೆ, ನೋಡಿಯೇ ಬಿಡೋಣ. ಸೋತರೆ ನನ್ನ ಕೈಯಿಂದಲೇ ಸೋಲುತ್ತೇನೆ ಅಂದುಕೊಂಡೆ. ಅದರಲ್ಲೇನು ಸಮಾಧಾನ ಇತ್ತೋ ಈಗ ತಿಳಿಯುವುದಿಲ್ಲ. ಸಿಟ್ಟಿನಲ್ಲಿ ಮನುಷ್ಯನಿಗೆ ಏನೇನೋ ಸಮಾಧಾನವಾಗುತ್ತದೆ.

ಭಾನುವಾರ ಬೆಳಿಗ್ಗೆ ಐವರೂ ಕೂತರು. ನಾನು ಚಹಾ ಕೊಟ್ಟೆ, ಬಶಿ ಕೊಟ್ಟೆ, ಸೆರಗು ಸರಿಮಾಡಿಕೊಂಡು ಕಂಬದ ಹತ್ತಿರ ನಿಂತೆ. ಸೊಸೆ ಕೊಲ್ಹಾಪುರಕ್ಕೆ ಹೋಗಬೇಕೇ, ಅದು ವಿಷಯ. ಹೋಗಲಿ ಅನ್ನುವವರು ಅಂಗಾತ, ಬೇಡ ಅನ್ನುವವರು ಬೋರಲು.

"ಹೋಗೂದ ಬ್ಯಾಡ ಅಂತ ಅತ್ಯಾರ ಅಂತಾರ," ಅಂತ ಶುರು ಮಾಡಿದೆ. "ಅವರ ಕಡೀಂದ ನಾ ಹೇಳ್ತೇನಿ. ಒಂದನೇದು, ದಾರಿ. ಶಿರೋಳಿ ಹತ್ರ ಬಸ್ಸ ನಿಂತ್ರ ನಿಂತ. ಎರಡನೇದು, ಊಟ. ಕೋರ್ಟ ಮುಗದು ಸೊಸಿ ಮನೀ ಮುಟ್ಟೂದ್ರಾಗ ಹೊತ್ತ ಮುಳಗಿರ್ತೈತಿ. ಆಕಿ ಭಕ್ರಿ ತಟ್ಟಲಿಲ್ಲ ಅಂದ್ರ ಈ ಮನ್ಯಾಗ ಯಾರೂ ಉಣ್ಣೂದಿಲ್ಲ."

"ಖರೇ ಐತಿ," ಅಂದರು ಅತ್ತೆ, ಗೋಣು ಹಾಕುತ್ತ.

ಅಲ್ಲಿಯವರೆಗೆ ನಾನು ಪ್ರಾಮಾಣಿಕಳಾಗಿದ್ದೆ, ದೇವರಾಣೆ. ಅಷ್ಟರಲ್ಲಿ ಕಾಕು ಬಶಿ ಕೆಳಗಿಟ್ಟರು. "ಯಾರೂ ಉಣ್ಣೂದಿಲ್ಲ? ಯಾಕ, ಅಕ್ಕಾರ ಅದಾರಲ್ಲ ಮನ್ಯಾಗ?"

ನಾನು ಉತ್ತರ ಕೊಡಲೇಬೇಕಲ್ಲ. "ಅತ್ಯಾರಿಗೆ ಈಗ ಮೊದಲಿನಂಗ ಭಕ್ರಿ ತಟ್ಟಾಕ ಆಗೂದಿಲ್ರಿ ಕಾಕು."

"ಯಾರಂದ್ರು?" ಅಂದರು ಅತ್ತೆ.

"ನಿಮ್ಮ ಕಡೀಂದನ ಹೇಳಾಕತ್ತೇನ್ರಿ ಅತ್ಯಾರ."

"ಹೇಳ್ಲಿ ಬಿಡ್ರಿ ಅಕ್ಕಾರ," ಅಂದರು ಕಾಕು, ಮುಖದ ತುಂಬ ಬೆಣ್ಣೆ ಸವರಿದಂಥ ನಗೆ. "ನಿಮ್ಮ ವಕೀಲರ ಅಲ್ಲೇನ ಆಕಿ? ಮುಂದ ಹೇಳವಾ."

ಅತ್ತೆಯ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಹದಿನೈದು ವರ್ಷ ಕೋರ್ಟಿನಲ್ಲಿ ಸಾಕ್ಷಿದಾರರ ಮುಖ ನೋಡಿದವಳು ನಾನು. ಕಾಣಲಿಲ್ಲ ಅಂತ ಹೇಳಿದರೆ ಯಾರೂ ನಂಬಬೇಡಿ. ಕಂಡಿತು, ಮತ್ತೆ ನಾನು ಮುಂದುವರಿದೆ.

"ಸಾಕ್ಷಿ ಐತ್ರಿ. ಹಿಂದಿನ ಚಳಿಗಾಲದಾಗ ನಾ ನಾಕ ದಿನಾ ಗಡಹಿಂಗ್ಲಜಕ್ಕ ಹೋಗಿದ್ನಿ. ನಾಕೂ ದಿನಾ ಈ ಮನ್ಯಾಗ ಸಂಜೀಕ ಚುರಮರಿ, ಬಾಳೇಹಣ್ಣ ತಿಂದ ಮಲಗ್ಯಾರ."

"ಅವತ್ತ ನನಗ ನೆಗಡಿ ಬಂದಿತ್ತ!" ಅಂತ ಅತ್ತೆ ಕೂಗಿದರು.

"ನಾಕೂ ದಿನಾ?" ಅಂದರು ಮಾವ. ಮಾವ ಬೈಠಕ್ಕಿನಲ್ಲಿ ಬಾಯಿ ತೆರೆದದ್ದನ್ನು ನಾನು ಮೊದಲ ಸಲ ನೋಡಿದ್ದು. ಅತ್ತೆ ಅವರ ಕಡೆಗೆ ನೋಡಿದರು. ಮಾವ ಬಶಿಯಲ್ಲಿ ಮುಖ ಮುಚ್ಚಿಕೊಂಡರು.

"ಹಂಗಾದ್ರ ಒಟ್ಟ ಅರ್ಥ ಏನಂದ್ರ," ಅಂದರು ಕಾಕು ಬೆರಳು ಮಡಚುತ್ತ, "ಅಕ್ಕಾರ ಮನಿ ಸೊಸಿ ಕೈಯಾಗ ನಡದೈತಿ. ಸೊಸಿ ಹೋದ್ಲು, ಒಲಿ ಆರಿತು. ಪಾಪ. ನಮ್ಮ ಸೊಸಿ ಪುಣೆದಾಗ ಅದಾಳ, ನಾ ಇನ್ನೂ ಹತ್ತ ಭಕ್ರಿ ಕುಂತ ಕುಂತಂಗ ತಟ್ಟತೇನವಾ."

"ಹತ್ತ!" ಅತ್ತೆ ಎದ್ದು ನಿಂತರು. "ಹತ್ತ ಭಕ್ರಿ ದೊಡ್ಡ ಮಾತ ಹೇಳ್ತಿ? ಕೂಡಿ ಇದ್ದಾಗ ಹದಿನಾರ ಮಂದಿಗೆ ಹೊತ್ತ ಮುಳಗೂದ್ರಾಗ ಉಣಿಸಿದಾಕಿ ನಾನು! ನೀ ಆವಾಗ ಹಿಟ್ಟ ನಾದಾಕ ಬರೂದಿಲ್ಲ ಅಂತ ಅಳಕೊಂಡ ಕುಂದರತಿದ್ದಿ!"

"ಅತ್ಯಾರ," ಅಂದೆ ಮೆಲ್ಲಗೆ, "ನೀವ ಹಿಂಗಂದ್ರ ನಮ್ಮ ಕೇಸ್ ಬೀಳ್ತೈತ್ರಿ."

"ಬೀಳ್ಲಿ! ನಿನ್ನ ಯಾರ ಕೇಳಿದ್ರು ನನ್ನ ಕೈ ಹೋಗ್ಯಾವ ಅಂತ ಹೇಳಂತ? ಬಾಯಿ ಐತಿ ಅಂತ ಏನ ಬೇಕಾದ್ದ ಮಾತಾಡಾಕತ್ತೀಯೇನ?"

ಕೂಗಾಟದಲ್ಲಿ ಚಹಾ ಮುಗಿದಿತ್ತು. ಕಾಕಾ, "ಇನ್ನ ಬಶಿ ಇಡ್ರಿ, ಕಬ್ಬಿಗೆ ನೀರ ಬಿಡಬೇಕ," ಅಂದರು. ಕಾಕು ಟಕ್ ಅಂತ ಬೋರಲು ಹಾಕಿದರು. ಅತ್ತೆಯ ಕೈಲಿ ಇನ್ನು ಆಗುವುದಿಲ್ಲ ಅನ್ನುವ ಈ ತೀರ್ಪನ್ನು ಊರಿಗೆಲ್ಲ ತಿಳಿಸುವುದು ಅವರಿಗೆ ಬೇಕಾಗಿತ್ತು. ಅತ್ತೆ ಹಿಂದಿನ ದಿನ ಹೇಳಿದ್ದನ್ನು ನೆನಪಿಟ್ಟ ಮಾವ, ಬೋರಲು. ನನ್ನ ಗಂಡ ನನ್ನ ಕಡೆ ನೋಡದೆ, ಬೋರಲು. ಕಾಕಾ ಅಂಗಾತ, ನೊಣದ ಪ್ರಕರಣದ ಮೇಲೆ ಅವರು ಬೋರಲು ಹಾಕುವುದನ್ನೇ ಬಿಟ್ಟಿದ್ದಾರೆ. ಮೂರಕ್ಕೆ ಒಂದು. ಮುಗಿಯಿತು ಅಂದುಕೊಂಡೆ. ಎಷ್ಟು ಚೆನ್ನಾಗಿ ವಾದ ಮಾಡಿ ನನ್ನನ್ನು ನಾನೇ ಮನೆಯಲ್ಲಿ ಕೂಡಿಸಿಕೊಂಡೆ! ಹಿರಿಯ ವಕೀಲೆಗೆ ಸೋಮವಾರ ಏನು ಹೇಳಬೇಕು ಅಂತ ಮನಸ್ಸು ಆಗಲೇ ಮಾತು ಜೋಡಿಸುತ್ತಿತ್ತು.

ಅತ್ತೆ ಬಂದರು. ತಮ್ಮ ಬಶಿಯನ್ನು ನೆಲಕ್ಕೆ ಅಂಗಾತ ಕುಕ್ಕಿದರು. ಆಮೇಲೆ ಬಗ್ಗಿ ಮಾವನ ಬಶಿಯನ್ನು ಮಗುಚಿ ಅಂಗಾತ ಮಾಡಿದರು. ಆಮೇಲೆ ಮಗನದು.

"ಅವ್ವಾ, ಅದು ನಂದು," ಅಂದ ನನ್ನ ಗಂಡ.

"ಹೌದಲ್ಲ, ನಿಂದ. ನಾಳಿಂದ ಸಂಜೀಕ ಲಗೂನ ಅಂಗಡಿ ಮುಚ್ಚಿ ಬಾ. ಹಿಟ್ಟ ನೀ ನಾದು, ನಾ ತಟ್ಟತೇನಿ. ಸೂರ್ಯಾ ಮುಳಗೂದ್ರಾಗ ಎಷ್ಟ ಭಕ್ರಿ ಆಗ್ತಾವ ಅಂತ ಗೋಡಿ ಮ್ಯಾಲಿಂದ ನೋಡಾವರು ನೋಡ್ಲಿ."

ಕಾಕು ಸೆರಗಿನಿಂದ ಗಾಳಿ ಬೀಸಿಕೊಂಡರು. ನಾಲ್ಕಕ್ಕೆ ಒಂದು. ನನಗೆ ನಗು ಬಂತು, ಜೊತೆಗೇ ಅಳುವೂ. ಎಲ್ಲರೂ ಎದ್ದು ಹೋದ ಮೇಲೆ ಕಪ್ಪು ಬಶಿ ಎತ್ತುತ್ತಿದ್ದೆ. ಅತ್ತೆ ಹೋಗಿರಲಿಲ್ಲ.

"ಸಿಟ್ಟ ಬಂದೈತೇನ್ರಿ ಅತ್ಯಾರ?" ಅಂದೆ.

"ಬಂದೈತಿ," ಅಂದರು. ಬೋರಲು ಬಿದ್ದಿದ್ದ ಕಾಕುವಿನ ಬಶಿ ಎತ್ತಿ ನನ್ನ ಕೈಗೆ ಕೊಟ್ಟರು. ದನಿ ಇಳಿದಿತ್ತು. "ನನ್ನ ಸಲುವಾಗಿ ಮಿರಚಿ ತಿಂದಿ. ಎಮ್ಮಿ ಸಲುವಾಗಿ ಜಗಳಾಡಿದಿ. ಇವತ್ತ ನಿನ್ನ ಕುತ್ತಿಗಿ ನೀನ ಹಿಚಕೊಂಡಿ. ಹದಿನೈದ ವರ್ಷದಾಗ ಒಂದ ದಿನಾನೂ, ನನಗ ಇದು ಬೇಕ ಅಂತ ನೀ ಕೇಳಿದ್ದ ನಾ ಕೇಳಿಲ್ಲ. ಎಂಥಾ ವಕೀಲ ನೀ? ಈಗ ಹೇಳು. ನಿನಗ ಹೋಗಬೇಕೋ ಬ್ಯಾಡೋ?"

ಕೈಯಲ್ಲಿ ಐದು ಬಶಿ ಇದ್ದವು. ಸರಕಾರದ ಪರವಾಗಿಯಾಗಿದ್ದರೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ನನ್ನ ಪರವಾಗಿ ಹೇಳಲು ಇದ್ದದ್ದು ಒಂದೇ ಮಾತು; ಬಶಿಗಳನ್ನು ಕೆಳಗಿಟ್ಟೆ.

"ಹೋಗಬೇಕ್ರಿ," ಅಂದೆ.